ಮಂಗಳವಾಗದ ಕಾರಿನ ಕಥೆ

ಕಳೆದ ವಾರ ನಮ್ಮ ಯಾರ್ಡಿಗೆ ಒಂದು ಹಳೆಯ ವಿದೇಶಿ ಕಾರು ಬಂತು. ಹೊಸಪೇಟೆಯ ಬೈಪಾಸಿನ ಪಕ್ಕ ತಗಡಿನ ಶೆಡ್ಡು ಹಾಕಿಕೊಂಡು, ಬೇರೆಯವರು ಮೆರೆದು ಬಿಟ್ಟ ಕಾರುಗಳನ್ನು ಒರೆಸಿ ಮಾರುವುದು ನನ್ನ ಈಗಿನ ಕಸುಬು. ಬಾಗಿಲು ತೆಗೆದೆ. ಬಿಸಿಲಿಗೆ ಬೆಂದ ಚರ್ಮದ ಸೀಟಿನ ವಾಸನೆ ಮುಖಕ್ಕೆ ಬಡಿಯಿತು, ಅದರ ಹಿಂದೆಯೇ ಗಣಿ ಧೂಳಿನ ವಾಸನೆ. ಈ ಕಡೆಯ ಕಾರುಗಳನ್ನು ಎಷ್ಟು ತೊಳೆದರೂ ಆ ಕೆಂಪು ಧೂಳು ಹೊಲಿಗೆಯ ಸಂದಿನಲ್ಲಿ ಉಳಿದೇ ಇರುತ್ತದೆ. ನಾನು ಬಾಗಿಲು ಹಿಡಿದು ನಿಂತೇಬಿಟ್ಟೆ. ಇದೇ ಕಂಪನಿಯ ಇಂಥದ್ದೇ ಕಾರಿನೊಳಗೆ ಮೂಗು ತೂರಿಸಿ ಒಬ್ಬ ಮುದುಕ, "ತಮ್ಮಾ, ಇದು ನಮ್ಮ ಗುಮ್ಮಟಿ ವಾಸನಿನಽ ಅಲ್ಲೇನು?" ಎಂದು ಬೆರಗಾಗಿ ಕೇಳಿದ್ದ...

ಅವನನ್ನು ನಾವೆಲ್ಲ ತಾತ ಎಂದೇ ಕರೆಯುತ್ತಿದ್ದೆವು. ಹೊಸಪೇಟೆಗೆ ಅಂಟಿಕೊಂಡ ಚಿತ್ತವಾಡ್ಗಿಯಲ್ಲಿ ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಬುರ್ರಕಥೆ ಹೇಳುವುದು ಅವನ ಮನೆತನದ ಕೆಲಸ. ಹೆಗಲ ಮೇಲೆ ತಂಬೂರಿ, ಬೆರಳಿಗೆ ಹಿತ್ತಾಳೆಯ ಉಂಗುರ, ಕಾಲಿಗೆ ಗೆಜ್ಜೆ. ಪಕ್ಕದಲ್ಲಿ ಅವನ ಹೆಂಡತಿ, ನಮ್ಮೆಲ್ಲರ ಅಜ್ಜಿ, ಗುಮ್ಮಟೆ ಬಾರಿಸುತ್ತಿದ್ದಳು. ಗುಮ್ಮಟೆ ಎಂದರೆ ಮಣ್ಣಿನ ಮಡಕೆಯ ಬಾಯಿಗೆ ಚರ್ಮ ಬಿಗಿದ ವಾದ್ಯ. ತಾತ ಕಥೆ ನಡೆಸಿದರೆ, ಅಜ್ಜಿ ನಡುನಡುವೆ ತಡೆದು ಪ್ರಶ್ನೆ ಕೇಳುತ್ತಿದ್ದಳು. ಅವಳ ಒಂದು ಪ್ರಶ್ನೆ ಎಲ್ಲ ಕಥೆಗಳಲ್ಲೂ ಇರುತ್ತಿತ್ತು: "ಇಂಥಾದ್ದು ನಮ್ಮ ಸೀಮ್ಯಾಗೂ ಉಂಟೇನು?" ತಾತನ ಉತ್ತರವೂ ಎಲ್ಲ ಕಥೆಗಳಲ್ಲೂ ಒಂದೇ: "ಉಂಟಽ ಉಂಟು. ಕಣ್ಣಿದ್ದೋರು ಅಕ್ಕಪಕ್ಕ ನೋಡ್ಕಳ್ರಿ." ಜನ ನಿಜಕ್ಕೂ ಅಕ್ಕಪಕ್ಕ ನೋಡಿಕೊಂಡು ನಗುತ್ತಿದ್ದರು.

ಅವನ ಮನೆತನದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಕಥೆ ಹೇಳಿಸುವವನು ಎಲೆ ಅಡಿಕೆಯ ವೀಳ್ಯ ಕೊಟ್ಟು ಕರೆಯಬೇಕು. ಆ ವೀಳ್ಯ ಕೊಟ್ಟವನೇ ಕೊನೆಯಲ್ಲಿ ಎದುರು ಕೂತು, ಮಂಗಳ ಕೇಳಿ, ಆರತಿ ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ಆ ಕಥೆ, ಹೇಳುವವನ ನಾಲಿಗೆ ಬಿಟ್ಟು ಇಳಿಯುವುದಿಲ್ಲ. ಒಂದು ಕಥೆ ಇಳಿಯದೆ ಇನ್ನೊಬ್ಬರ ವೀಳ್ಯ ಹಿಡಿಯುವಂತಿಲ್ಲ. ಒಮ್ಮೆ ಕಂಪ್ಲಿಯ ಹತ್ತಿರದ ಹಳ್ಳಿಯೊಂದರಲ್ಲಿ ಗಾಳಿಮಳೆ ಬಂದು ಕಥೆ ಅರ್ಧಕ್ಕೆ ನಿಂತಿತ್ತಂತೆ. ತಾತ ಮೂರು ದಿನ ಬಿಟ್ಟು ಮತ್ತೆ ಅಲ್ಲಿಗೆ ಹೋಗಿ, ವೀಳ್ಯ ಕೊಟ್ಟ ಗೌಡನನ್ನು ಭತ್ತದ ಗದ್ದೆಯಲ್ಲಿ ಹುಡುಕಿ, ಅವನನ್ನು ಬದುವಿನ ಮೇಲೆ ಕೂರಿಸಿ ಮಂಗಳ ಹಾಡಿ ಬಂದಿದ್ದ. ಇದನ್ನೆಲ್ಲ ನಾನು ಚಿಕ್ಕಂದಿನಿಂದ ಬಲ್ಲೆ. ನನಗೆ ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗುವ ದಾರಿ ನನಗಿಲ್ಲ.

ಅದು ಗಣಿಯ ದುಡ್ಡು ಉಕ್ಕಿ ಹರಿಯುತ್ತಿದ್ದ ಕಾಲ. ಸಂಡೂರಿನ ಗುಡ್ಡದಿಂದ ಲಾರಿಗಳು ಸಾಲು ಹಿಡಿದು ಇಳಿಯುತ್ತಿದ್ದವು. ಅವುಗಳ ಮಾಲೀಕರು ಬೆಳಗ್ಗೆ ಒಂದು ಕಾರು, ಸಂಜೆ ಒಂದು ಕಾರು ಹತ್ತುತ್ತಿದ್ದರು. ಯಾವ ದೊಡ್ಡ ಊರಿಗೂ ಸುಲಭಕ್ಕೆ ಬಾರದ ಒಂದು ವಿದೇಶಿ ಕಂಪನಿ ಹೊಸಪೇಟೆಯಲ್ಲಿ ಗಾಜಿನ ಶೋರೂಮು ತೆರೆಯಿತು. ನನಗೆ ಅಲ್ಲಿ ಕೆಲಸ ಸಿಕ್ಕಿತು. ಕುತ್ತಿಗೆಗೆ ಟೈ ಬಂತು, ಮಾತಿಗೆ ಹೊಸ ರಾಗ ಬಂತು. ಮನೆಯಲ್ಲಿ ರೊಟ್ಟಿ ತಿನ್ನುವಾಗಲೂ ನಾನು ಟೈ ಬಿಚ್ಚುತ್ತಿರಲಿಲ್ಲ ಎಂದರೆ ಎಂಥ ಆಸಾಮಿ ಎಂದು ನಿಮಗೆ ತಿಳಿಯಬಹುದು.

ಕಂಪನಿಯ ತರಬೇತಿಯಲ್ಲಿ ನಮಗೆ ಇಂಜಿನ್ನಿಗಿಂತ ಹೆಚ್ಚಾಗಿ ಕಲಿಸಿದ್ದು ಚರಿತ್ರೆ. ಗಿರಾಕಿ ಕಾರು ನೋಡುವ ಮೊದಲು ಕಂಪನಿ ಹುಟ್ಟಿದ ಕಥೆ ಕೇಳಬೇಕು ಎಂಬುದು ಅವರ ನಿಯಮ. ನಮ್ಮ ಗಣಿ ಮಾಲೀಕರು ಆ ಕಥೆಗೆ ಆಕಳಿಸುತ್ತಿದ್ದರು. "ಅದಿರ್ಲಿ, ಎಸಿ ಹೆಂಗ ಹೊಡೀತೈತಿ?" ಎಂದು ಕೇಳುತ್ತಿದ್ದರು. ಹೊಸ ಮಾದರಿಯ ಕಾರು ಬಿಡುಗಡೆಯಾಗುವ ಹೊತ್ತಿಗೆ, ಹೊರಗಿನಿಂದ ಬಂದಿದ್ದ ನಮ್ಮ ಮ್ಯಾನೇಜರು ಈ ನೆಲದ್ದೇ ಏನಾದರೂ ಕಾರ್ಯಕ್ರಮ ಇಡಬೇಕು ಎಂದ. ನಾನು ಬಾಯಿ ಹಾಕಿದೆ. ನಮ್ಮ ಓಣಿಯ ಮುದುಕನಿಂದ ಕಂಪನಿಯ ಚರಿತ್ರೆಯನ್ನು ಬುರ್ರಕಥೆ ಮಾಡಿಸೋಣ ಎಂದೆ. ಮ್ಯಾನೇಜರು ಬೆನ್ನು ತಟ್ಟಿದ. ಚೆನ್ನಾಗಿ ಆದರೆ ಹುಬ್ಬಳ್ಳಿಯ ದೊಡ್ಡ ಶೋರೂಮಿಗೆ ಬಡ್ತಿ ಎಂದ.

ತಾತನಿಗೆ ವೀಳ್ಯ ಕೊಟ್ಟವನು ನಾನೇ. ಹಿತ್ತಾಳೆಯ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಟೈ ಒಂದು ಕೈಯಲ್ಲಿ ಹಿಡಿದುಕೊಂಡು ಬಗ್ಗಿ ಕೊಟ್ಟೆ. ತಾತನಿಗೆ ಓದು ಬರುತ್ತಿರಲಿಲ್ಲ. ನಾನು ಕಂಪನಿಯ ಪುಸ್ತಿಕೆಯನ್ನು ಕನ್ನಡ ಮಾಡುತ್ತ ಹೇಳುತ್ತಿದ್ದೆ, ಅವನು ಗೋಡೆಗೊರಗಿ ಕಣ್ಣು ಮುಚ್ಚಿ ಕೇಳುತ್ತಿದ್ದ. ಚಳಿಯ ದೇಶದಲ್ಲಿ ಒಬ್ಬ ಕಮ್ಮಾರನ ಮಗ. ಅಪ್ಪನ ಕುಲುಮೆಯ ಹಿಂದಿನ ಕೊಟ್ಟಿಗೆಯಲ್ಲಿ ಮೊದಲ ಇಂಜಿನ್ನು ಮಾಡಿದ. ಅದು ಸಿಡಿದು ಎಡಗೈಯ ಎರಡು ಬೆರಳು ಹೋದವು. ಹೆಂಡತಿ ತನ್ನ ಮದುವೆಯ ಉಡುಪನ್ನು ಹರಿದು ಗಾಯಕ್ಕೆ ಕಟ್ಟಿದಳು. ಎರಡನೆಯ ಇಂಜಿನ್ನು ಓಡಿತು. ಊರೂರಿನ ಪಂದ್ಯ ಗೆದ್ದಿತು. ರಾಜರು ಬಂದು ಬಾಗಿಲಲ್ಲಿ ಕಾದರು. ಅವನ ಹೆಸರೇ ಕಂಪನಿಯ ಹೆಸರಾಯಿತು... ಅಲ್ಲಿಗೆ ಪುಸ್ತಿಕೆ ಮುಗಿಯುತ್ತಿತ್ತು. ಕೊನೆಯ ಪುಟದಲ್ಲಿ ಹೊಸ ಕಾರಿನ ಚಿತ್ರ.

ತಾತ ಕಣ್ಣು ತೆರೆದು, "ಸತ್ತಿದ್ದು ಹೆಂಗ?" ಎಂದ.

"ಅದು ಇದರಾಗ ಇಲ್ಲ ತಾತ."

"ಸಾವಿಲ್ಲದ್ದು ಕಥಿ ಹೆಂಗಾತಪ? ಹುಟ್ಟಿಸಿದ ಮ್ಯಾಲ ದಾಟಿಸಬೇಕು. ನೋಡು, ಎಲ್ಯಾರ ಇರತೈತಿ."

ನಾನು ಫೋನು ತೆಗೆದು ಹುಡುಕಿದೆ. ಅದು ಸಿಕ್ಕಿತು. ಪಾಲುದಾರರು ಸೇರಿಕೊಂಡು ಅವನನ್ನು ಅವನದೇ ಕಾರ್ಖಾನೆಯಿಂದ ಹೊರಗೆ ಹಾಕಿದ್ದರು. ಪಕ್ಕದ ಬೀದಿಯಲ್ಲಿ ಸಣ್ಣ ಗ್ಯಾರೇಜು ತೆರೆದು ತನ್ನ ಹೆಸರಿನ ಹಲಗೆ ಬರೆಸಿದ. ಆ ಹೆಸರು ಕಂಪನಿಯ ಸ್ವತ್ತು, ನೀನು ಬಳಸುವಂತಿಲ್ಲ ಎಂದು ಕೋರ್ಟು ಹಲಗೆ ಇಳಿಸಿತು. ಒಂದು ಬಾಡಿಗೆಯ ಕೋಣೆಯಲ್ಲಿ ಸತ್ತ. ಅದನ್ನೂ ಹೇಳಿದೆ. ತಾತ ಅಜ್ಜಿಯ ಕಡೆ ತಿರುಗಿ, "ತನ್ನ ಹೆಸರು ತನಗಽ ಇಲ್ಲಂದ್ರ ಅವನ್ನ ಏನಂತ ಕರದು ಮಣ್ಣು ಮಾಡಿರಬೇಕು?" ಎಂದ. ನನಗೆ ನಗು ಬಂತು. ಎಲ್ಲಿಯ ಬಿಳಿಯ ಕಮ್ಮಾರ, ಎಲ್ಲಿಯ ಚಿತ್ತವಾಡ್ಗಿ! ಆ ಭಾಗ ಹೇಳಬೇಡ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅಷ್ಟು ಹೊತ್ತಿಗೆ ಎಲ್ಲರೂ ಊಟಕ್ಕೆ ಎದ್ದಿರುತ್ತಾರೆ, ಯಾರು ಕೇಳುತ್ತಾರೆ ಎಂದುಕೊಂಡು ನಾನು ಅದನ್ನು ಅನ್ನಲಿಲ್ಲ.

ಬಿಡುಗಡೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ಶೋರೂಮು ತುಂಬಿತ್ತು. ಮುಖ್ಯ ಅತಿಥಿ ಸಂಡೂರು ಕಡೆಯ ಒಬ್ಬ ಗಣಿ ಧಣಿ. ಮೊದಲ ಕಾರಿಗೆ ಅವರೇ ಗಿರಾಕಿ. ಅವರ ಕಥೆ ಈ ಸೀಮೆಯಲ್ಲಿ ಯಾರಿಗೂ ಗೊತ್ತಿಲ್ಲದ್ದಲ್ಲ. ಗಣಿ ಮಾಡಿದವರು ಅವರ ಅಣ್ಣ. ತಮ್ಮನಾದ ಇವರು ಹೊರಗಿನವರನ್ನು ಸೇರಿಸಿಕೊಂಡು ಅಣ್ಣನನ್ನು ಗೇಟಿನಾಚೆ ಹಾಕಿದ್ದರು. ಅಣ್ಣನ ಹೆಸರು ಮಾತ್ರ ಲಾರಿಗಳ ಹಣೆಯ ಮೇಲೆ ಹಾಗೇ ಉಳಿದಿತ್ತು, ಕಂಪನಿಯ ಹೆಸರು ಅದೇ ಆಗಿದ್ದರಿಂದ. ಆ ಅಣ್ಣ ಯಶವಂತನಗರದ ಒಂದು ಬಾಡಿಗೆ ಮನೆಯಲ್ಲಿದ್ದು, ತನ್ನದೇ ಹೆಸರು ಹೊತ್ತ ಲಾರಿಗಳ ಧೂಳು ತಿನ್ನುತ್ತ ಬಸ್ಸಿಗೆ ಕಾಯುತ್ತಿದ್ದುದನ್ನು ನಾನೇ ನೋಡಿದ್ದೆ. ಅಷ್ಟು ಗೊತ್ತಿದ್ದೂ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಬುದ್ಧಿ ನನಗೆ ಬರಲಿಲ್ಲ. ಬಡ್ತಿಯ ಕನಸು ಕಾಣುವವನಿಗೆ ಬೇರೇನು ಕಂಡೀತು...

ತಾತ ಕಾಲು ಎತ್ತಿ ಗೆಜ್ಜೆ ಕುಟ್ಟಿದ. ಮೊದಲು ಎಲ್ಲರೂ ನಕ್ಕರು. ವಿದೇಶಿ ಕಾರಿನ ಪಕ್ಕ ಪೇಟ ಸುತ್ತಿದ ಮುದುಕ, ಫೋನುಗಳಲ್ಲಿ ಚಿತ್ರ ತೆಗೆದರು. ಆದರೆ ಇಂಜಿನ್ನು ಸಿಡಿಯುವ ಹೊತ್ತಿಗೆ ಫೋನುಗಳು ಕೆಳಗಿಳಿದವು. ಹರಿದ ಮದುವೆ ಉಡುಪನ್ನು ತಾತ ತನ್ನ ಹೆಗಲ ವಲ್ಲಿಯಿಂದ ಅಜ್ಜಿಯ ಕೈಗೆ ಸುತ್ತಿ ತೋರಿಸಿದಾಗ ಮಾಲೀಕರ ಹೆಂಡಂದಿರು ಸೆರಗಿನಿಂದ ಕಣ್ಣೊರೆಸಿಕೊಂಡರು. ಪುಸ್ತಿಕೆ ಓದಿ ಓದಿ ಬಾಯಿಪಾಠವಾಗಿದ್ದ ನನಗೂ ಆ ಕಮ್ಮಾರನ ಮಗ ಅಂದೇ ಮೊದಲು ಕಂಡ. ತಾತ ಎಷ್ಟು ದೊಡ್ಡ ಕಲಾವಿದ ಎಂದು ಆ ಗಳಿಗೆಯಲ್ಲಿ ನನಗೆ ಹೊಳೆಯಿತು. ಹೊಳೆದೂ ನಾನು ಮಾಡಿದ್ದೇನು?

ಪಾಲುದಾರರು ಅವನನ್ನು ಗೇಟಿನಾಚೆ ತಳ್ಳಿದರು. ಹೆಸರಿನ ಹಲಗೆ ಇಳಿಯಿತು. ಅಜ್ಜಿ ಗುಮ್ಮಟೆ ನಿಲ್ಲಿಸಿ ಎಂದಿನಂತೆ ಕೇಳಿದಳು: "ಇಂಥಾದ್ದು ನಮ್ಮ ಸೀಮ್ಯಾಗೂ ಉಂಟೇನು?"

"ಉಂಟಽ ಉಂಟು. ಕಣ್ಣಿದ್ದೋರು ಅಕ್ಕಪಕ್ಕ ನೋಡ್ಕಳ್ರಿ."

ಯಾರೂ ನಗಲಿಲ್ಲ. ಅಷ್ಟು ತಲೆಗಳೂ ಒಟ್ಟಿಗೆ ಮುಂದಿನ ಸಾಲಿನ ನಡುವಿನ ಕುರ್ಚಿಯ ಕಡೆ ತಿರುಗಿದವು. ಧಣಿಗಳ ಮುಖ ಕೆಂಪಾಯಿತು. ಮ್ಯಾನೇಜರಿಗೆ ಭಾಷೆ ತಿಳಿಯದಿದ್ದರೂ ಮುಖ ಓದಲು ಬರುತ್ತಿತ್ತು. ಅವನು ನನ್ನ ಕಡೆ ನೋಡಿದ. ನಾನು ಹೋಗಿ ಮೈಕಿನ ವೈರು ಕಿತ್ತೆ. ತಾತ ಮೈಕಿಲ್ಲದೆಯೇ ದನಿ ಏರಿಸಿದ. ನಾನು ಅವನ ಉಂಗುರದ ಕೈ ಹಿಡಿದು ನಿಲ್ಲಿಸಿದೆ.

"ಎರಡಽ ಸಾಲು ಅದಾವ ತಮ್ಮಾ, ಮಂಗಳ. ಅವ ಇನ್ನಾ ಬಾಡಗಿ ಕ್ವಾಣ್ಯಾಗ ಬಿದ್ದಾನ, ಸತ್ತಿಲ್ಲ. ದಾಟಿಸಿ ಬಿಡತೀನಿ," ಎಂದು ಮೆಲ್ಲಗೆ ಅಂದ.

ಧಣಿಗಳು ಕೂತಲ್ಲಿಂದಲೇ, "ಯಾರಲೇ ಇವನಿಗೆ ಇದನ್ನ ಹೇಳಿಕೊಟ್ಟದ್ದು?" ಎಂದರು.

ಉತ್ತರ ಕೊಡಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. "ಯಾರೂ ಇಲ್ರಿ ಧಣಿ. ಕುಡದು ಬಂದಾನ, ಬಾಯಿಗೆ ಬಂದಂಗ ಹಾಡ್ಲಿಕ್ಕತ್ಯಾನ," ಎಂದೆ. ತಾತ ಜನ್ಮದಲ್ಲಿ ಹನಿ ಮುಟ್ಟಿದವನಲ್ಲ. ಅವನು ನನ್ನ ಕಡೆ ತಿರುಗಿ ನೋಡಿದ. ಅಜ್ಜಿ ಗುಮ್ಮಟೆಯನ್ನು ಎದೆಗೆ ಅವಚಿಕೊಂಡಳು.

ಧಣಿಗಳಿಗೆ ಅದು ಹಿಡಿಸಿತು. ಕುಡುಕನ ಮಾತಾದರೆ ಮರ್ಯಾದೆ ಹೋಗುವುದಿಲ್ಲವಲ್ಲ. "ಹಂಗಾರ ನಡದು ತೋರಿಸ್ಲಿ," ಎಂದು ನಕ್ಕರು. ಕಾರಿನ ಸುತ್ತ ನೆಲಕ್ಕೆ ಬಿಳಿ ಪಟ್ಟಿ ಅಂಟಿಸಿದ್ದರು. ಅದರ ಮೇಲೆ ತಪ್ಪದೆ ಒಂದು ಸುತ್ತು ಹಾಕಬೇಕು. ತಾತ ತಂಬೂರಿ ಹೊತ್ತುಕೊಂಡೇ ನಡೆದ. ಮೊಣಕಾಲು ನೋವಿನ ಮುದುಕ, ನುಣುಪಾದ ಹೊಳೆಯುವ ನೆಲ, ಒಂದೊಂದು ಹೆಜ್ಜೆಗೂ ಗೆಜ್ಜೆ. ಮೂಲೆಯಲ್ಲಿ ಕಾಲು ಜಾರಿತು. ಬೀಳದಿರಲು ಕಾರಿನ ಬಾನೆಟ್ಟಿಗೆ ಕೈಯೂರಿದ. "ಹೇಯ್, ಗೀರು ಬೀಳತೈತಿ!" ಎಂದು ಕೂಗಿದವನು ನಾನು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಹೆದರಿ ನಕ್ಕೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ನನಗೆ ನಿಜವಾಗಿಯೂ ನಗು ಬಂದಿತ್ತು.

ಧಣಿಗಳು ಕಾರು ಕೊಂಡರು. ನನ್ನ ಬಡ್ತಿಯ ಕಾಗದ ಬರುವುದಕ್ಕೆ ಕೆಲವು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾನು ಚಿತ್ತವಾಡ್ಗಿಯ ಮನೆ ಬಿಟ್ಟು ಸ್ಟೇಷನ್ ರಸ್ತೆಯಲ್ಲಿ ಬಾಡಿಗೆಗೆ ಹೋದೆ. ಗೋಡೆಯಾಚೆಯ ಕೆಮ್ಮು ಕೇಳಿಸುವುದು ಬೇಡವಾಗಿತ್ತು.

ತಾತ ಶೋರೂಮಿಗೇ ಬರತೊಡಗಿದ. ವಾರಕ್ಕೊಮ್ಮೆ, ಸೋಮವಾರ. ತೊಳೆದ ಪಂಚೆ, ಚೀಲದಲ್ಲಿ ಆರತಿಯ ಸಾಮಾನು. ಬೈಯುವುದಕ್ಕಲ್ಲ, ನ್ಯಾಯ ಕೇಳುವುದಕ್ಕೂ ಅಲ್ಲ. "ಹತ್ತು ನಿಮಿಷ ಕುಂದ್ರು ತಮ್ಮಾ. ಎಲ್ಲ್ಯಾರ, ಈ ಮೆಟ್ಟಿಲ ಮ್ಯಾಲ ಆದ್ರೂ ಆತು. ವೀಳ್ಯ ಕೊಟ್ಟಾವ ನೀನು, ನೀನಽ ಆಗಬೇಕು." ಅವನು ಕೇಳಿದ್ದು ಇಷ್ಟೇ. ಅಷ್ಟರಲ್ಲಿ ದರೋಜಿಯಿಂದ, ಕಂಪ್ಲಿಯಿಂದ ಕಥೆಗೆ ಕರೆಯಲು ಬಂದವರನ್ನೆಲ್ಲ ಅವನು ಕೈಮುಗಿದು ವಾಪಸು ಕಳಿಸುತ್ತಿದ್ದ. ತಂಬೂರಿ ಗೋಡೆಯ ಮೊಳೆಯಿಂದ ಇಳಿದಿರಲಿಲ್ಲ. ನಾನು ಹತ್ತು ನಿಮಿಷ ಕೂತರೆ ಅವನ ಬಾಳು ಮತ್ತೆ ನಡೆಯುತ್ತಿತ್ತು. ಅದು ಅವನಿಗೂ ಗೊತ್ತು, ನನಗೂ ಗೊತ್ತು.

ನಾನು ಕೂರಲಿಲ್ಲ. ಮೊದಲು ಹೆದರಿಕೆ ಇತ್ತು. ಧಣಿಗಳ ಕಡೆಯವರು ಯಾವಾಗಲೂ ಅಲ್ಲಿ ಓಡಾಡುತ್ತಿದ್ದರು. ಅವನೆದುರು ಕೂತು ಆರತಿ ತೆಗೆದುಕೊಂಡರೆ ಕಥೆ ನಾನೇ ಕೊಟ್ಟದ್ದೆಂದು ಒಪ್ಪಿಕೊಂಡಂತೆ. ಆಮೇಲೆ ಹೆದರಿಕೆ ಹೋಯಿತು, ಆದರೂ ಕೂರಲಿಲ್ಲ. ಒಬ್ಬರು ಎದುರು ನಿಂತು ಬೇಡುತ್ತಿರುವಾಗ ಇಲ್ಲ ಎನ್ನುವುದರಲ್ಲಿ ಒಂದು ರುಚಿ ಇದೆ. ಆ ರುಚಿ ನನಗೆ ಹತ್ತಿಬಿಟ್ಟಿತ್ತು. "ಇವತ್ತು ಗಿರಾಕಿ ಅದಾರ ತಾತ, ಬರೋ ಸೋಮವಾರ ಬಾ," ಎನ್ನುತ್ತಿದ್ದೆ. ಅವನು ನಂಬಿ ಬರುತ್ತಿದ್ದ. ಒಂದು ಸೋಮವಾರ ಮೆಟ್ಟಿಲ ಮೇಲೆ ಕೂತು, ಬತ್ತಿ ಹೊಸೆದು, ಎಣ್ಣೆ ಹಾಕಿಟ್ಟುಕೊಂಡು ಕಾಯುತ್ತಿದ್ದ. ನಾನು ಒಳಗಿನಿಂದಲೇ ವಾಚ್‌ಮನ್‌ಗೆ ಕೈ ಮಾಡಿದೆ. ಅವನು ಬಂದು ಹಣತೆಯನ್ನು ಕಾಲಿನಿಂದ ಸರಿಸಿದ. ಎಣ್ಣೆ ಮೆಟ್ಟಿಲ ಮೇಲೆ ಚೆಲ್ಲಿತು. ತಾತ ತನ್ನ ವಲ್ಲಿಯಿಂದಲೇ ಅದನ್ನು ಒರೆಸಿ, ಸಾಮಾನು ಚೀಲಕ್ಕೆ ತುಂಬಿಕೊಂಡು ಹೋದ. ಆಮೇಲೆ ಅವನು ಬರಲಿಲ್ಲ... ಎರಡು ಸೋಮವಾರ ನಾನು ಗಾಜಿನಾಚೆ ನೋಡಿದ್ದು ನೆನಪಿದೆ. ಮೂರನೆಯ ವಾರ ಹುಬ್ಬಳ್ಳಿಗೆ ಹೋದೆ.

ಗಣಿಗಳು ಬಂದಾದವು. ಹೊಸಪೇಟೆಯ ಗಾಜಿನ ಶೋರೂಮಿಗೆ ಬೀಗ ಬಿತ್ತು. ಸ್ವಲ್ಪ ದಿನಕ್ಕೆ ಹುಬ್ಬಳ್ಳಿಯಲ್ಲಿ ನನ್ನ ಕುರ್ಚಿಯೂ ಹೋಯಿತು. ಊರಿಗೆ ಮರಳಿದ ದಿನ ನನ್ನನ್ನು ಚಿತ್ತವಾಡ್ಗಿಗೆ ಬಿಟ್ಟ ಆಟೋದವನು, ತಾತ ಹೋಗಿ ನಾಲ್ಕು ತಿಂಗಳಾಯಿತು ಎಂದ. ಮಾರನೆಯ ದಿನ ಎಲೆ ಅಡಿಕೆ ಹಿಡಿದುಕೊಂಡು ಅಜ್ಜಿಯ ಹತ್ತಿರ ಹೋದೆ. ಅವಳು ಕಟ್ಟೆಯ ಮೇಲೆ ಕೂತು ಕಡಲೆ ಸುಲಿಯುತ್ತಿದ್ದಳು. ಕೆಳಗೆ ನೆಲದ ಮೇಲೆ ಕೂತೆ. "ಅಜ್ಜಿ, ಮಂಗಳ ನಿನಗೂ ಬರತೈತಲ್ಲ. ನೀನಽ ಹಾಡು. ನಾನು ಕೇಳತೀನಿ," ಎಂದೆ. ಅವಳು ಕರಗಬಹುದು ಎಂದು ಒಳಗೊಳಗೇ ಆಸೆಪಟ್ಟಿದ್ದೆ.

"ಆ ಕಥಿ ಮುಗದೈತಿ," ಎಂದಳು ಅಜ್ಜಿ. ಕೈ ಕಡಲೆ ಸುಲಿಯುವುದನ್ನು ನಿಲ್ಲಿಸಲಿಲ್ಲ. "ವೀಳ್ಯ ಕೊಟ್ಟಾವ ನಡುವಽ ಸತ್ತಿದ್ರ, ಅವ್ನ ಜಾಗದಾಗ ಒಂದು ಕಲ್ಲಿಟ್ಟು ಮಂಗಳ ಹಾಡತಾರ. ಎಣ್ಣಿ ಚೆಲ್ಲಿದ ದಿನ ನಮ್ಮನಿಯವ್ರು ಮನಿಗೆ ಬಂದು ಹಂಗಽ ಮಾಡಿದ್ರು. ಕಲ್ಲಿಗೆ ಆರತಿ ಬೆಳಗಿದ್ರು."

"ನಾನು ಸತ್ತಿದ್ದಿಲ್ಲಲ್ಲ ಅಜ್ಜಿ..."

ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. "ಕಲ್ಲು ಒಯ್ದು ಕಂಪ್ಲಿ ಹೊಳ್ಯಾಗ ಬಿಟ್ಟು, ತಲಿ ಮ್ಯಾಲ ನೀರು ಹಾಕ್ಯಂಡು ಬಂದ್ರು. ಮೂರು ದಿನ ಒಪ್ಪತ್ತು ಉಂಡ್ರು. ಗ್ವಾಡಿ ಪಕ್ಕದ ಹುಡುಗ, ಇದಽ ತೊಡಿ ಮ್ಯಾಲ ಆಡಿಸಿದ್ದೆ ಅಂತ ಭಾಳ ಅತ್ರು. ಆಮ್ಯಾಲ ವೀಳ್ಯ ಬಂದುವು. ಬಾಯಿ ತೆಗದ್ರ ದನಿನಽ ಬರಲಿಲ್ಲ."

ಅಷ್ಟು ಹೇಳಿ ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ತಂದ ಎಲೆ ಅಡಿಕೆ ಕಟ್ಟೆಯ ಮೇಲೇ ಉಳಿಯಿತು. ಈಗಲೂ ಆ ಓಣಿಗೆ ಹೋದರೆ ಅಜ್ಜಿ ಅಲ್ಲೇ ಕೂತಿರುತ್ತಾಳೆ. ನಾನು ಮಾತಾಡಿಸುತ್ತೇನೆ, ಅವಳು ಬೇರೆ ಕಡೆ ನೋಡುವುದೂ ಇಲ್ಲ, ನನ್ನ ಕಡೆ ನೋಡುವುದೂ ಇಲ್ಲ. ಓಣಿಯ ಉಳಿದವರೆಲ್ಲ ಚೆನ್ನಾಗಿಯೇ ಮಾತಾಡುತ್ತಾರೆ, ಕಾರಿನ ವ್ಯಾಪಾರ ಹೇಗಿದೆ ಎಂದು ಕೇಳುತ್ತಾರೆ. ಚೆನ್ನಾಗಿದೆ ಎನ್ನುತ್ತೇನೆ. ಅವನಂಥ ದನಿ ಈ ಸೀಮೆಯಲ್ಲಿ ಮತ್ತೆ ಹುಟ್ಟಲಿಲ್ಲ. ಅದನ್ನು ಕಳೆದವನು ನಾನು. ತಾತ ಸತ್ತಾಗ ನಾನು ಅಳಲಿಲ್ಲ, ಊರಿನಲ್ಲೇ ಇರಲಿಲ್ಲ. ನಾನು ಸತ್ತಾಗ ಅವನು ಮೂರು ದಿನ ಅತ್ತಿದ್ದ.